ಗಿರಾಕಿಗೆ ಕಾಣದ ಬಾಣಲೆ

ಸೋದರಿಯರೇ, ಮನೆಗೆಲಸದ ನಡುವೆಯೇ ಏನಾದರೊಂದು ಮಾಡಿ ನಾಲ್ಕು ಕಾಸು ಸಂಪಾದಿಸುವವರು ನಿಮ್ಮಲ್ಲೂ ಎಷ್ಟೋ ಮಂದಿ ಇದ್ದೀರಿ. ಒಬ್ಬರದು ಹಪ್ಪಳ ಸಂಡಿಗೆ, ಇನ್ನೊಬ್ಬರದು ರವಿಕೆ ಹೊಲಿಗೆ, ಮತ್ತೊಬ್ಬರದು ಹೂ ಕಟ್ಟಿ ಮಾರುವುದು. ವ್ಯಾಪಾರ ಚಿಕ್ಕದಿರಲಿ ದೊಡ್ಡದಿರಲಿ, ಗಿರಾಕಿಯನ್ನು ನಗುಮುಖದಿಂದ ಮಾತಾಡಿಸಬೇಕು, ತೂಕದಲ್ಲಿ ಮೋಸ ಮಾಡಬಾರದು, ಚಿಲ್ಲರೆಗೆ ಮುಖ ಸಿಂಡರಿಸಬಾರದು. ಇದೆಲ್ಲ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಷ್ಟು ಮಾಡಿದರೆ ಸಾಕು ಎಂದೇ ನಾನೂ ಬಹಳ ಕಾಲ ತಿಳಿದಿದ್ದೆ. ಸಾಲದು ಎಂದು ನನಗೆ ಕಲಿಸಿದ್ದು ಎರಡೂವರೆ ಕೆ.ಜಿ. ಚಕ್ಕುಲಿ! ಆ ಕಥೆಯನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ತಪ್ಪು ನನ್ನದೇ ಆದ್ದರಿಂದ ಹೇಳಲು ಸ್ವಲ್ಪ ಸಂಕೋಚ. ಆದರೂ ಅಕ್ಕತಂಗಿಯರ ಹತ್ತಿರ ಮುಚ್ಚುಮರೆ ಏತಕ್ಕೆ?

ನಮ್ಮೂರು ಶ್ರವಣಬೆಳಗೊಳ. ನಮ್ಮ ಬಾಯಲ್ಲಿ ಬರೀ ಬೆಳಗೊಳ. ಚನ್ನರಾಯಪಟ್ಟಣ ತಾಲ್ಲೂಕಿನ ಈ ಪುಟ್ಟ ಊರಿಗೆ ಒಂದು ಕಡೆ ದೊಡ್ಡಬೆಟ್ಟ, ಇನ್ನೊಂದು ಕಡೆ ಚಿಕ್ಕಬೆಟ್ಟ, ನಡುವೆ ಕಲ್ಯಾಣಿ. ದೊಡ್ಡಬೆಟ್ಟದ ಮೇಲೆ ಸುಮಾರು 58 ಅಡಿ ಎತ್ತರದ ಗೊಮ್ಮಟೇಶ್ವರ. ಗಂಗರ ಮಂತ್ರಿ ಚಾವುಂಡರಾಯ ಕ್ರಿ.ಶ. 981ರಲ್ಲಿ ಪ್ರತಿಷ್ಠೆ ಮಾಡಿಸಿದ ಮೂರ್ತಿ ಅದು. ದೇಶದ ಮೂಲೆ ಮೂಲೆಯಿಂದ ಯಾತ್ರಿಕರು ಬರುತ್ತಾರೆ. 2017ರಲ್ಲಿ ಬೆಂಗಳೂರು–ಹಾಸನ ರೈಲು ನಮ್ಮೂರಿನ ಮೇಲೆ ಓಡತೊಡಗಿದ ಮೇಲಂತೂ ಬರುವವರು ಇನ್ನೂ ಹೆಚ್ಚಿದರು. ಊರಿನ ಅರ್ಧ ಜನದ ಅನ್ನ ಈ ಯಾತ್ರಿಕರಿಂದಲೇ ಎಂದರೂ ತಪ್ಪಲ್ಲ. ನಮ್ಮದೂ ಅದರಲ್ಲೊಂದು ಸಂಸಾರ.

ನಮ್ಮ ಯಜಮಾನರದು ಒಂದು ಪುಟ್ಟ ದಿನಸಿ ಅಂಗಡಿ. ಮಕ್ಕಳ ಓದಿನ ಖರ್ಚು ಏರಿದ ಹಾಗೆ ಅದೊಂದರಿಂದ ನಡೆಯದಾಯಿತು. ನಾನು ಹಿಂದಿನ ಪಡಸಾಲೆಯಲ್ಲಿ ಒಲೆ ಹೂಡಿ ಚಕ್ಕುಲಿ, ಕೋಡುಬಳೆ, ಖಾರಾಸೇವೆ ಮಾಡತೊಡಗಿದೆ. ಯಜಮಾನರು ಅಂಗಡಿಯಲ್ಲಿಟ್ಟು ಮಾರುವರು. ನನ್ನ ಚಕ್ಕುಲಿಗೆ ಬಹುಬೇಗ ಹೆಸರು ಬಂತು. ಹೇಳಿಬಿಡುತ್ತೇನೆ, ಬರೆದುಕೊಳ್ಳಿ. ನಾಲ್ಕು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ. ಅಕ್ಕಿ ತೊಳೆದು ನೆರಳಲ್ಲಿ ಒಣಗಿಸಿ, ಬೇಳೆಯನ್ನು ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು, ಎರಡನ್ನೂ ಕೂಡಿಸಿ ಗಿರಣಿಗೆ ಕೊಡಿ. ಕಲಸುವಾಗ ಜೀರಿಗೆ, ಎಳ್ಳು, ಇಂಗು, ಉಪ್ಪು, ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಎರಡು. ಬೆಣ್ಣೆ ಹೆಚ್ಚಾದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ, ಕಡಿಮೆಯಾದರೆ ಕಲ್ಲಾಗುತ್ತದೆ. ಅಷ್ಟೇ ಗುಟ್ಟು.

ಇನ್ನು ನನ್ನ ತಪ್ಪಿಗೆ ಬರೋಣ. ನಾವು ಜೈನರಲ್ಲ. ಆದರೆ ಬೆಳಗೊಳದಲ್ಲಿ ಹುಟ್ಟಿದವರಿಗೂ ಸೇರಿದವರಿಗೂ ಜೈನರ ಊಟದ ಕಟ್ಟುಪಾಡು ಚೆನ್ನಾಗಿ ಗೊತ್ತು. ನೆಲದೊಳಗೆ ಬೆಳೆಯುವ ಗೆಡ್ಡೆ ಆಗದು, ಈರುಳ್ಳಿ ಬೆಳ್ಳುಳ್ಳಿ ಸುತರಾಂ ಆಗದು. ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯಬೇಕು. ವ್ರತ ಹಿಡಿದವರು ಸೂರ್ಯ ಮುಳುಗುವ ಮೊದಲೇ ಊಟ ಮುಗಿಸಬೇಕು. ಒಂದು ಜೀವಕ್ಕೂ ನೋವಾಗಬಾರದೆಂಬ ಅಹಿಂಸೆಯೇ ಇದಕ್ಕೆಲ್ಲ ಮೂಲ. ನನ್ನ ಚಕ್ಕುಲಿಗೆ ಬೆಳ್ಳುಳ್ಳಿ ಹಾಕುತ್ತಿರಲಿಲ್ಲ, ನಿಜ. ಆದರೆ ಊರವರಿಗೆಂದು ಬೆಳ್ಳುಳ್ಳಿ ಖಾರಾಸೇವೆ ಕರಿಯುತ್ತಿದ್ದೆ. ಬಾಣಲೆ ಒಂದೇ, ಎಣ್ಣೆಯೂ ಒಂದೇ. ಬೆಳಿಗ್ಗೆ ಖಾರಾಸೇವೆ, ಮಧ್ಯಾಹ್ನ ಚಕ್ಕುಲಿ. ಅದರಲ್ಲಿ ಏನೂ ತಪ್ಪಿದೆ ಎಂದು ನನಗೆ ತೋಚಿರಲೇ ಇಲ್ಲ. ಅಥವಾ ತೋಚಿದ್ದರೂ ಅದನ್ನು ಮೂಲೆಗೆ ತಳ್ಳಿದ್ದೆನೋ ಏನೋ. ಈಗ ಹೇಳಲಾರೆ.

2018ರಲ್ಲಿ ಮಹಾಮಸ್ತಕಾಭಿಷೇಕ ಆಯಿತಲ್ಲ, ಆ ಬೇಸಿಗೆಯ ಮಾತು. ಫೆಬ್ರವರಿಯ ಜಾತ್ರೆಯಂಥ ಗದ್ದಲ ಕಳೆದಿದ್ದರೂ ಶಾಲೆಗಳಿಗೆ ರಜೆ ಬಂದು ಯಾತ್ರಿಕರ ಬಸ್ಸುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಒಂದು ಸಂಜೆ ಯಜಮಾನರು ಪಟ್ಟಣಕ್ಕೆ ಹೋಗಿದ್ದರು, ಅಂಗಡಿಯಲ್ಲಿ ನಾನೇ ಕೂತಿದ್ದೆ. ಎಪ್ಪತ್ತರ ಮೇಲಿನ ಒಬ್ಬ ಅಜ್ಜಿ ಬಂದರು. ಬೆಳಗಾವಿ ಕಡೆಯ ಮಾತು. ಇಳಕಲ್ ಸೀರೆ, ತಲೆಯ ಮೇಲೆ ಸೆರಗು. ಚಕ್ಕುಲಿಯ ಪೊಟ್ಟಣ ಎತ್ತಿ ಹಿಡಿದು ಕೇಳಿದರು.

"ಇದರಾಗ ಬಳ್ಳೊಳ್ಳಿ ಇಲ್ಲ ಹೌದಲ್ಲೋ ತಂಗಿ?"

"ಇಲ್ಲಮ್ಮ, ಒಂದು ಎಸಳೂ ಇಲ್ಲ" ಎಂದೆ.

"ನಮಗ ನಡೀತೈತಿ ಅಲಾ?"

"ಓಹೋ, ಧಾರಾಳವಾಗಿ."

ಅಜ್ಜಿ ನನ್ನ ಮುಖವನ್ನೊಮ್ಮೆ ನೋಡಿ ಅರ್ಧ ಕೆ.ಜಿ.ಯ ಐದು ಪೊಟ್ಟಣ ಕೊಂಡರು. ಜೊತೆಯವರಿಗೂ, ಊರಲ್ಲಿರುವ ಮೊಮ್ಮಕ್ಕಳಿಗೂ ಎಂದರು. ಹಣ ಎಣಿಸಿಕೊಟ್ಟು, "ದೇವರು ಚಲೋ ಇಡ್ಲಿ" ಎಂದು ಹರಸಿ ಹೋದರು. ಎರಡೂವರೆ ಕೆ.ಜಿ. ಒಂದೇ ಕೈಗೆ ಮಾರಾಟವಾದ ಖುಷಿ ನನಗೆ!

ರಾತ್ರಿ ಊಟಕ್ಕೆ ಕೂತಾಗ ಈ ವ್ಯಾಪಾರದ ಸುದ್ದಿಯನ್ನು ನಮ್ಮತ್ತೆಯವರಿಗೆ ಹೇಳಿದೆ. ಅತ್ತೆ ಕಡಿಮೆ ಮಾತಿನವರು. ತುತ್ತು ಕೈಯಲ್ಲೇ ಹಿಡಿದು, "ನಿನ್ನೆ ಖಾರಾಸೇವೆ ಕರಿದ ಎಣ್ಣೆಯಲ್ಲವೇನೇ ಅದು?" ಎಂದರು.

"ಹೌದತ್ತೆ. ಆದರೆ ಚಕ್ಕುಲಿಗೆ ಬೆಳ್ಳುಳ್ಳಿ ಹಾಕಿಲ್ಲವಲ್ಲ. ಆಕೆ ಕೇಳಿದ್ದು ಬೆಳ್ಳುಳ್ಳಿ ಹಾಕಿದೆಯಾ ಅಂತ."

"ಆಕೆ ಕೇಳಿದ್ದು ತಿನ್ನಬಹುದಾ ಅಂತ" ಎಂದರು ಅತ್ತೆ. ಅಷ್ಟೇ. ಮತ್ತೆ ಮಾತಿಲ್ಲ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಒಂದು ಮನಸ್ಸು, 'ಯಾರಿಗೆ ಗೊತ್ತಾಗುತ್ತೆ? ಬೆಳಗಾದರೆ ಅವರ ಬಸ್ಸು ಹೊರಟುಹೋಗುತ್ತೆ' ಎನ್ನುತ್ತಿತ್ತು. ಇನ್ನೊಂದು ಮನಸ್ಸಿಗೆ ಆ ಅಜ್ಜಿ ನನ್ನ ಮುಖ ನೋಡಿದ್ದೇ ಕಣ್ಣಿಗೆ ಕಟ್ಟುತ್ತಿತ್ತು. ಆಕೆ ಪೊಟ್ಟಣ ನೋಡಿ ಕೊಂಡಿರಲಿಲ್ಲ, ನನ್ನ ಮುಖ ನೋಡಿ ಕೊಂಡಿದ್ದರು. ತೂಕವಾದರೆ ತಕ್ಕಡಿಯಲ್ಲಿ ಕಾಣುತ್ತದೆ, ಹಳಸಿದ್ದರೆ ಮೂಗಿಗೆ ತಿಳಿಯುತ್ತದೆ. ನಮ್ಮನೆ ಬಾಣಲೆ ಆಕೆಗೆ ಎಲ್ಲಿ ಕಾಣಬೇಕು? ಅದನ್ನು ಬಲ್ಲವಳು ನಾನೊಬ್ಬಳೇ. ಎಷ್ಟೋ ವರ್ಷ ಹಿಡಿದು ಬಂದ ವ್ರತವೊಂದನ್ನು ನನ್ನ ಒಂದು "ಧಾರಾಳವಾಗಿ" ಎಂಬ ಮಾತು ಕೆಡಿಸಿತ್ತು.

ಬೆಳಿಗ್ಗೆ ಐದೂವರೆಗೆ ಎದ್ದು ಅವರು ಇಳಿದುಕೊಂಡಿದ್ದ ಛತ್ರಕ್ಕೆ ಓಡಿದೆ. ಬಿಸಿಲೇರುವ ಮೊದಲೇ ಬೆಟ್ಟ ಹತ್ತಲು ಹೊರಟರು ಎಂದರು. ಬೆಟ್ಟದ ಬುಡದಲ್ಲಿ ಚಪ್ಪಲಿ ಬಿಟ್ಟು ನಾನೂ ಹತ್ತಿದೆ. ಬಂಡೆಯಲ್ಲೇ ಕೊರೆದ 600ಕ್ಕೂ ಮಿಕ್ಕಿದ ಮೆಟ್ಟಿಲು. ಎಷ್ಟೋ ಸಲ ಹತ್ತಿದ್ದೇನೆ. ಆವತ್ತಿನ ಹಾಗೆ ಕಾಲು ಭಾರವಾದದ್ದಿಲ್ಲ. ಒದೆಗಲ್ ಬಸದಿಯ ಹತ್ತಿರ ಅವರು ಸಿಕ್ಕರು. ಜೊತೆಯ ಇನ್ನೊಬ್ಬ ಹಿರಿಯಾಕೆ ಡೋಲಿಯಲ್ಲಿ ಕೂತು ಮುಂದೆ ಹೋಗಿದ್ದರು. ಈ ಅಜ್ಜಿ ಮಾತ್ರ ಕಂಬಿ ಹಿಡಿದುಕೊಂಡು ನಡೆದೇ ಹತ್ತುತ್ತಿದ್ದವರು ದಣಿವಾರಿಸಿಕೊಳ್ಳಲು ಕೂತಿದ್ದರು. ನಾನು ಏದುಸಿರು ಬಿಡುತ್ತಲೇ ಎಲ್ಲ ಹೇಳಿದೆ. ಬಾಣಲೆ, ಎಣ್ಣೆ, ಖಾರಾಸೇವೆ ಒಂದನ್ನೂ ಬಿಡಲಿಲ್ಲ.

ಸಿನಿಮಾದಲ್ಲಾದರೆ ಅಜ್ಜಿ ನನ್ನನ್ನು ತಬ್ಬಿಕೊಂಡು "ಎಂಥ ದೊಡ್ಡ ಮನಸ್ಸು ನಿಂದು" ಎನ್ನುತ್ತಿದ್ದರೇನೋ. ಹಾಗೇನೂ ಆಗಲಿಲ್ಲ ಸೋದರಿಯರೇ. ಅವರ ಮುಖ ಬಾಡಿತು. ಬಹಳ ಹೊತ್ತು ಮಾತಾಡಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು, ಏನೋ ಜಪ ಮಾಡುತ್ತಿದ್ದರು. ನನಗೆ ಅಳು ಬಂತು. ಕಡೆಗೆ, "ನಾ ತಿಂದಿಲ್ಲ. ನಿನ್ನಿ ನಂದು ಉಪವಾಸ ಇತ್ತು. ಎರಡು ಪೊಟ್ಟಣ ಒಡದು ಮಂದಿ ತಿಂದಾರ. ಅವರಿಗೆ ನಾ ಹೆಂಗ ಹೇಳ್ಲಿ?" ಎಂದರು.

ನಾನು ಸೆರಗಿನಲ್ಲಿ ಗಂಟು ಹಾಕಿಕೊಂಡು ತಂದಿದ್ದ ಹಣ ಬಿಚ್ಚಿದೆ. ಅವರು ಕೈ ಅಡ್ಡ ಹಿಡಿದರು. "ರೊಕ್ಕ ಬ್ಯಾಡ. ನಮ್ಮ ಬಸ್ಸು ನಾಳಿ ಮುಂಜಾನಿ ಹೋಗೂದು. ಇವತ್ತ ಹೊಸಾದು ಮಾಡಿ ಕೊಡತೀ ಏನು? ನಾ ಬಂದು ಕುಂದರತೇನಿ."

ಒಪ್ಪಿಕೊಂಡೆ. ಅವರ ಜೊತೆಗೆ ನಾನೂ ಮೇಲಕ್ಕೆ ಹೋದೆ. ಗೊಮ್ಮಟನ ಎದುರಿಗೆ, ಹೊರಬಾಗಿಲ ಹತ್ತಿರ ಗುಳ್ಳಕಾಯಜ್ಜಿಯ ಮೂರ್ತಿ ಇದೆಯಲ್ಲ, ಅಲ್ಲಿ ಇಬ್ಬರೂ ನಿಂತೆವು. ಚಾವುಂಡರಾಯ ಕೊಡಗಟ್ಟಲೆ ಹಾಲೆರೆದರೂ ಅಭಿಷೇಕ ಮೂರ್ತಿಯ ಸೊಂಟದಿಂದ ಕೆಳಗಿಳಿಯಲಿಲ್ಲವಂತೆ. ಕಡೆಗೆ ಬಡ ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಒಂದು ಹಿಡಿ ಹಾಲು ಪಾದ ಮುಟ್ಟಿ, ಬೆಟ್ಟವನ್ನೆಲ್ಲ ನೆನೆಸಿ ಕೆಳಗೆ ಬಿಳಿಯ ಕೊಳವಾಯಿತಂತೆ. ನಮ್ಮೂರಿನ ಮಕ್ಕಳೆಲ್ಲ ಕೇಳಿ ಬೆಳೆದ ಐತಿಹ್ಯ ಇದು. ಹೆಮ್ಮೆ ಪಡಬಾರದು ಎಂಬುದೇ ಇದರ ನೀತಿ ಎಂದು ತಿಳಿದಿದ್ದೆ. ಆವತ್ತು ಇನ್ನೊಂದು ಹೊಳೆಯಿತು. ಆ ಮುದುಕಿಯ ಹಾಲು ಹಿಡಿಯಷ್ಟೇ ಆದರೂ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ.

ಕೆಳಗಿಳಿದು ಮನೆಗೆ ಬಂದೆ. ಚಕ್ಕುಲಿ ಮಾಡಲು ಹಿಟ್ಟಿತ್ತು, ಹೊಸ ಎಣ್ಣೆಯ ಡಬ್ಬವೂ ಇತ್ತು. ಬಾಣಲೆಗೆ ಏನು ಮಾಡುವುದು? ಬೂದಿ ಹಾಕಿ ಎಷ್ಟು ತಿಕ್ಕಿದರೂ ಹಳೇ ಬಾಣಲೆಯ ವಾಸನೆ ಹೋದೀತೆ ಎಂದು ಯೋಚಿಸುತ್ತ ನಿಂತಿದ್ದೆ. ಅತ್ತೆ ಅಟ್ಟಕ್ಕೆ ಏಣಿ ಹಾಕಿಸಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಕಬ್ಬಿಣದ ಬಾಣಲೆ ಇಳಿಸಿಕೊಟ್ಟರು. ಗೌರಿಹಬ್ಬದ ನೈವೇದ್ಯಕ್ಕೆಂದೇ ಮಡಿಯಲ್ಲಿ ಇಟ್ಟಿದ್ದ ಬಾಣಲೆ! ನೋಡಿ, ದೇವರಿಗೆ ಬೇರೆ ಬಾಣಲೆ ಇಡಬೇಕೆಂದು ನಮ್ಮ ಮನೆಯಲ್ಲಿ ಮೊದಲಿನಿಂದಲೂ ಗೊತ್ತಿತ್ತು. ನಂಬಿ ಬಂದು ಕೇಳಿದ ಗಿರಾಕಿಗೂ ಒಂದು ಇಡಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಮಧ್ಯಾಹ್ನ ಅಜ್ಜಿ ಬಂದು ಪಡಸಾಲೆಯ ಬಾಗಿಲಲ್ಲಿ ಮಣೆ ಹಾಕಿಸಿಕೊಂಡು ಕೂತರು. ನೀರು ಸೋಸಿ ಹಿಟ್ಟು ಕಲಸಿದೆ. ಸೂರ್ಯ ಮುಳುಗಲು ಇನ್ನೂ ಒಂದು ಗಂಟೆ ಇರುವಾಗಲೇ ಎರಡೂವರೆ ಕೆ.ಜಿ. ಚಕ್ಕುಲಿ ಆಯಿತು. ಅಜ್ಜಿ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, "ಉಪ್ಪು ಒಂದು ಚೂರು ಕಡಿಮಿ ಆಗೇತಿ" ಎಂದರು. ಅತ್ತೆ, ಅಜ್ಜಿ ಇಬ್ಬರೂ ನಕ್ಕರು. ನನಗೆ ಆಗಲೇ ಉಸಿರು ಸಲೀಸಾಗಿ ಬಂದದ್ದು. ಆ ಅಜ್ಜಿ ಮತ್ತೆ ನಮ್ಮೂರಿಗೆ ಬಂದದ್ದನ್ನು ನಾನು ಕಾಣೆ. ಎಲ್ಲಿದ್ದರೂ ಚೆನ್ನಾಗಿರಲಿ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ನಿಜವಾದ ಕಷ್ಟ ಶುರುವಾದದ್ದೇ ಆಮೇಲೆ. ಎರಡು ಬಾಣಲೆ, ಎರಡು ಎಣ್ಣೆ, ಎರಡು ಜಾಲರಿ ಸೌಟು ಎಂದಾಗ ಖರ್ಚೂ ಏರಿತು. ಯಜಮಾನರು, "ಬಂದವರಿಗೆಲ್ಲ ನಿನ್ನ ಬಾಣಲೆ ತೋರಿಸ್ತೀಯಾ? ಯಾರಿಗೆ ಕಾಣುತ್ತೆ ಅಂತ ಇಷ್ಟು ಒದ್ದಾಟ?" ಎಂದು ರೇಗಿದರು. ಅವರದೂ ತಪ್ಪಲ್ಲ. ಮಗಳ ಕಾಲೇಜಿನ ಫೀಸು ಕಟ್ಟುವ ತಿಂಗಳು ಅದು. ಆ ಸಲ ನನ್ನ ಬಳೆ ಅಡವಿಟ್ಟೇ ಫೀಸು ಕಟ್ಟಿದ್ದು. ಕಡೆಗೆ ಒಂದು ಉಪಾಯ ಮಾಡಿಕೊಂಡೆ. ಖಾರಾಸೇವೆ ವಾರಕ್ಕೆ ಒಂದೇ ದಿನ, ಗುರುವಾರ. ಅದನ್ನು ಕರಿಯುವುದು ಹಿತ್ತಲಿನ ಒಲೆಯಲ್ಲಿ, ಅದರದೇ ಬಾಣಲೆಯಲ್ಲಿ. ಉಳಿದ ದಿನ ಬರೀ ಚಕ್ಕುಲಿ, ಕೋಡುಬಳೆ. ಖಾರಾಸೇವೆಗೆಂದೇ ಬರುತ್ತಿದ್ದ ಕೆಲವರು ಬೇರೆ ಕಡೆ ಹೋದರು. ಹೋಗಲಿ ಎಂದು ಸುಮ್ಮನಾದೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು.

ಈಚೆಗೆ ನಮ್ಮಕ್ಕನ ಮಗಳು ಬಂದಿದ್ದಳು. ಅವಳ ಗಂಡನಿಗೆ ದೂರದ ಹವಾಯಿ ದ್ವೀಪದ ಹೊನೊಲುಲುವಿನಲ್ಲಿ ಕೆಲಸ. ಈ ಕಥೆ ಕೇಳಿ ಅವಳು, "ಚಿಕ್ಕಮ್ಮ, ಅಲ್ಲಿ ಒಂದು ಮಾತಿದೆ, 'ಕೂಲಿಯಾ ಇ ಕಾ ನುಉ' ಅಂತ. ಅಲ್ಲಿನ ಹೋಟೆಲು, ಆಸ್ಪತ್ರೆಗಳಲ್ಲಿ ಕೆಲಸ ಮಾಡೋರಿಗೂ ಅದನ್ನ ಹೇಳಿಕೊಡ್ತಾರೆ" ಎಂದಳು. ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆ, "ಕೂಲಿಯಾ? ದಿನಕ್ಕೆ ಎಷ್ಟು ಕೊಡ್ತಾರಂತೆ?" ಎಂದುಬಿಡಬೇಕೆ! ಮನೆಯೆಲ್ಲ ನಗು.

ಆ ಮಾತಿನ ಅರ್ಥ 'ತುದಿ ಮುಟ್ಟಲು ಶ್ರಮಿಸು' ಎಂದು. ಹವಾಯಿಯ ದೊರೆ ಕಲಾಕೌವಾನ ಹೆಂಡತಿ ಕಪಿಯೊಲಾನಿ ರಾಣಿ ಇದನ್ನೇ ತನ್ನ ಧ್ಯೇಯವಾಕ್ಯ ಮಾಡಿಕೊಂಡಿದ್ದಳಂತೆ. ಬರೀ ಮಾತಲ್ಲ. ತನ್ನ ನಾಡಿನ ಬಾಣಂತಿಯರೂ ಹಸುಗೂಸುಗಳೂ ಸಾಯುವುದನ್ನು ನೋಡಲಾರದೆ ಹಣ ಕೂಡಿಸಿ 1890ರಲ್ಲಿ ಹೊನೊಲುಲುವಿನಲ್ಲಿ ಹೆರಿಗೆ ಮನೆ ತೆರೆದಳು. ಆಕೆಯ ಹೆಸರಿನ ಆಸ್ಪತ್ರೆ ಇಂದಿಗೂ ಅಲ್ಲಿದೆ. ಎಲ್ಲಿಯ ಹವಾಯಿ, ಎಲ್ಲಿಯ ಬೆಳಗೊಳ! ಆದರೂ ತುದಿ ಹತ್ತುವ ಮಾತು ಬೆಟ್ಟದ ಬುಡದಲ್ಲಿ ಬದುಕುವ ನಮಗೆ ಹೊಸದಲ್ಲ.

ಅರ್ಥ ಕೇಳಿದ ಮೇಲೆ ಅತ್ತೆ ಹೇಳಿದ್ದನ್ನು ಇಲ್ಲಿ ಬರೆಯಲೇಬೇಕು. "ತುದಿ ಹತ್ತೋದೇನು ಮಹಾ? ನಮ್ಮ ಡೋಲಿಯವರು ದಿನಾ ಹತ್ತುತ್ತಾರೆ. ಮೇಲೆ ಕೂತ ಮುದುಕಿ ಕುಲುಕದ ಹಾಗೆ ಹತ್ತುತ್ತಾರಲ್ಲ, ಅದು ಮಹಾ."

ಎಷ್ಟು ನಿಜ ನೋಡಿ! ನಾಲ್ವರು ಹೆಗಲು ಕೊಟ್ಟು ಹೊರುವಾಗ ಮುಂದಿನವರು ಎತ್ತರದ ಮೆಟ್ಟಿಲಲ್ಲಿ, ಹಿಂದಿನವರು ತಗ್ಗಿನಲ್ಲಿ. ಕುರ್ಚಿ ಓರೆಯಾಗದಂತೆ ಮುಂದಿನವರು ಬಾಗಬೇಕು, ಹಿಂದಿನವರು ಎತ್ತಿ ಹಿಡಿಯಬೇಕು. ಕೂತವರಿಗೆ ಕಾಣುವುದು ಗೊಮ್ಮಟನ ಬೆಟ್ಟ ಮಾತ್ರ, ಹೊತ್ತವರ ಹೆಗಲ ಮೇಲಿನ ಕೆಂಪು ಬಾಸುಂಡೆಯಲ್ಲ. ಗೊಮ್ಮಟನನ್ನು ಕಡೆದ ಶಿಲ್ಪಿಗಳೂ ಹಾಗೆಯೇ. ಕೆಳಗೆ ನಿಂತವರಿಗೆ ಮೂರ್ತಿಯ ನೆತ್ತಿ ಕಾಣದು. ಹನ್ನೆರಡು ವರ್ಷಕ್ಕೊಮ್ಮೆ ಮಸ್ತಕಾಭಿಷೇಕಕ್ಕೆಂದು ಅಟ್ಟಣೆ ಕಟ್ಟಿದಾಗ ಮೇಲೆ ಹತ್ತಿದವರಿಗಷ್ಟೇ ಕಂಡೀತು. ಆದರೂ ನೆತ್ತಿಯ ಮೇಲಿನ ಗುಂಗುರು ಗುಂಗುರನ್ನೂ ಬಿಡದೆ ಕಡೆದಿದ್ದಾರೆ. ಯಾರಿಗೆ ಕಾಣುತ್ತೆ ಎಂದು ಅವರು ಬಿಟ್ಟಿದ್ದರೆ ಕೇಳುವವರು ಯಾರಿದ್ದರು?

ಸೋದರಿಯರೇ, ನಾನು ಕಲಿತದ್ದನ್ನು ನಾಲ್ಕು ಮಾತಲ್ಲಿ ಹೇಳಿ ಮುಗಿಸುತ್ತೇನೆ. ಗಿರಾಕಿ ಏನು ಕೇಳಿದರು ಎನ್ನುವುದಕ್ಕಿಂತ ಯಾಕೆ ಕೇಳಿದರು ಎಂದು ನೋಡಿ. ಮಧುಮೇಹದವರು "ಸಕ್ಕರೆ ಹಾಕಿದೀರಾ?" ಎಂದಾಗ, ಬೆಲ್ಲ ಹಾಕಿ "ಸಕ್ಕರೆ ಇಲ್ಲ" ಎಂದರೆ ಮಾತು ನಿಜ, ಉತ್ತರ ಸುಳ್ಳು. ಆಗದ್ದನ್ನು "ಇವತ್ತು ಇಲ್ಲ" ಎಂದು ಹೇಳಲು ಅಂಜಬೇಡಿ. ಆವತ್ತಿನ ಗಿರಾಕಿ ಹೋದರೂ ನಿಮ್ಮ ಮಾತಿನ ಬೆಲೆ ಉಳಿಯುತ್ತದೆ. ರವಿಕೆ ಹೊಲಿಯುವವರು ಒಳಹೊಲಿಗೆಯನ್ನೂ, ಹಪ್ಪಳ ಮಾಡುವವರು ಕಟ್ಟಿನ ನಡುವಿನ ಹಪ್ಪಳವನ್ನೂ ಮೇಲಿನದರ ಹಾಗೆಯೇ ನೋಡಿಕೊಳ್ಳಿ. ತಪ್ಪಾದರೆ ಗಿರಾಕಿ ಬಂದು ಕೇಳುವವರೆಗೆ ಕಾಯದೆ ನೀವೇ ಹೋಗಿ ಹೇಳಿ. ನನ್ನ ಹಾಗೆ 600 ಮೆಟ್ಟಿಲು ಹತ್ತಬೇಕಾಗಿ ಬಂದರೂ ಹತ್ತಿ.

ಇದರಿಂದ ವ್ಯಾಪಾರ ಹತ್ತು ಪಟ್ಟಾಯಿತು ಎಂದು ಹೇಳಿದರೆ ನಿಮಗೂ ಸಂತೋಷ, ನನಗೂ ಸಂತೋಷ. ಹಾಗಾಗಲಿಲ್ಲ. ಅಡವಿಟ್ಟ ಬಳೆ ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. ಈಗ ಕೆಲವು ಜೈನ ಮನೆಗಳವರು ಬಂದು, ಏನೂ ಕೇಳದೆ ಪೊಟ್ಟಣ ತೆಗೆದುಕೊಂಡು ಹೋಗುತ್ತಾರೆ. ಹಾಗೆ ಅವರು ಕೇಳದೆ ಹೋದಾಗಲೆಲ್ಲ ನಾನು ಒಳಗೆ ಹೋಗಿ ಬಾಣಲೆಯನ್ನು ಇನ್ನೊಮ್ಮೆ ನೋಡಿ ಬರುತ್ತೇನೆ.

ಬೆಳಗೊಳಕ್ಕೆ ಬಂದಾಗ ನಮ್ಮ ಮನೆಗೂ ಬನ್ನಿ. ನಾಳೆ ಗುರುವಾರ. ಹಿತ್ತಲಲ್ಲಿ ಖಾರಾಸೇವೆ. ಚಕ್ಕುಲಿಯ ಬಾಣಲೆಗೆ ರಜ.